ಸಮೋವಾದವರ ಮೈಕಟ್ಟು: ಜೀನಿನ ಪಾಲೆಷ್ಟು, ಊಟದ ಪಾಲೆಷ್ಟು?

ಪ್ರಶ್ನೆ: ನಮ್ಮ ಮಗಳು ಆಕ್ಲೆಂಡಿನಲ್ಲಿ ನರ್ಸ್. ಅವಳ ವಾರ್ಡಿಗೆ ಬರುವವರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಾದ ಸಮೋವಾ, ಟೋಂಗಾ ಕಡೆಯವರು, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳು ಜಾಸ್ತಿ. ಬಹಳಷ್ಟು ಜನ ದಪ್ಪ, ಶುಗರ್ ಇರುವವರೂ ತುಂಬ. "ಅದು ಅವರ ಜೀನಿನಲ್ಲೇ ಇದೆ, ಏನು ಮಾಡೋಕಾಗುತ್ತೆ" ಅಂತ ಅಲ್ಲಿ ಕೆಲವರು ಹೇಳುತ್ತಾರಂತೆ. ಹಿಂದಿನ ಕಾಲದಲ್ಲಿ ದೋಣಿಯಲ್ಲಿ ಹಸಿದುಕೊಂಡು ಸಮುದ್ರ ದಾಟಿದ್ದರಿಂದ ಅವರ ಮೈಗೆ ಕೊಬ್ಬು ಕೂಡಿಡುವ ಗುಣ ಬಂತು ಅಂತಲೂ ಎಲ್ಲೋ ಓದಿದೆ. ಇದೆಲ್ಲ ನಿಜವೇ? ಅಂಥ ಜೀನ್ ನಮ್ಮವರಲ್ಲೂ ಇದೆಯೇ? ಇದ್ದರೆ ಟೆಸ್ಟ್ ಮಾಡಿಸಬಹುದೇ?

ಉತ್ತರ: ಜೀನ್ ಇರುವುದು ನಿಜ. ಆದರೆ ಅದು ಮಾಡುವ ಕೆಲಸವೇ ಬೇರೆ, ಜನ ಅದರ ತಲೆಗೆ ಕಟ್ಟುತ್ತಿರುವ ಆರೋಪವೇ ಬೇರೆ. ಇವೆರಡನ್ನೂ ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಮೊದಲು ಜೀನಿನ ವಿಷಯ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸ್ಟೀಫನ್ ಮೆಕ್‌ಗಾರ್ವೆ ದಶಕಗಳಿಂದ ಸಮೋವಾದ ಜನರ ಆರೋಗ್ಯವನ್ನು ಅಧ್ಯಯನ ಮಾಡಿದವರು. ಅವರು, ಪಿಟ್ಸ್‌ಬರ್ಗಿನ ರಯಾನ್ ಮಿನ್‌ಸ್ಟರ್, ಸಮೋವಾದ ಆರೋಗ್ಯ ಇಲಾಖೆಯ ಟಾಕೆ ನಾಸೆರಿ ಮತ್ತಿತರರು ಸೇರಿ 3,072 ಮಂದಿ ಸಮೋವನ್ನರ ಡಿಎನ್‌ಎ ಪರೀಕ್ಷಿಸಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಐದನೇ ಕ್ರೋಮೋಸೋಮಿನಲ್ಲಿ ಕ್ರೆಬ್‌ಆರ್‌ಎಫ್ ಎಂಬ ಜೀನ್ ಇದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವ ರೂಪ ಸಮೋವಾದಲ್ಲಿ ತುಂಬ ಸಾಮಾನ್ಯ. ಆ ಬದಲಾವಣೆಯಿಂದ ಪ್ರೋಟೀನಿನ 457ನೇ ಜಾಗದಲ್ಲಿ ಆರ್ಜಿನೈನ್ ಎಂಬ ಅಮೈನೋ ಆಮ್ಲ ಹೋಗಿ ಗ್ಲುಟಮೈನ್ ಎಂಬ ಇನ್ನೊಂದು ಬಂದು ಕೂರುತ್ತದೆ.

ನಮಗೆಲ್ಲ ಪ್ರತಿ ಜೀನಿನ ಎರಡೆರಡು ಪ್ರತಿ ಇರುತ್ತವೆ. ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಸಮೋವಾದಲ್ಲಿ ಈ ಜೀನಿನ ಎಲ್ಲ ಪ್ರತಿಗಳನ್ನೂ ಸೇರಿಸಿ ಎಣಿಸಿದರೆ ಸುಮಾರು 26 ಶೇಕಡಾ ಬದಲಾದ ರೂಪದವು. ಹಾಗಾಗಿ ಅಲ್ಲಿನ ಸುಮಾರು 45 ಶೇಕಡಾ ಜನರಲ್ಲಿ ಒಂದಾದರೂ ಇದೆ. ಏಳು ಶೇಕಡಾ ಆಸುಪಾಸಿನ ಜನರಲ್ಲಿ ಎರಡೂ ಇವೆ. ಟೋಂಗಾದವರು, ಮಾವೋರಿಗಳು, ಕುಕ್ ದ್ವೀಪಗಳವರಲ್ಲೂ ಇದು ಕಾಣಿಸುತ್ತದೆ. ಯುರೋಪ್, ಆಫ್ರಿಕಾ, ಭಾರತದಲ್ಲಿ ಹುಡುಕಿದರೆ ಇಲ್ಲವೆಂದೇ ಹೇಳಬಹುದು. ಅಂದಮೇಲೆ, ಇದು ನಮ್ಮವರಲ್ಲೂ ಇದೆಯಾ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಈ ಜೀನ್ ಎಲ್ಲರಲ್ಲೂ ಇದೆ, ಅದರ ಈ ರೂಪ ನಮ್ಮವರಲ್ಲಿ ಇಲ್ಲ.

ಪರಿಣಾಮ ಎಷ್ಟು? ಬದಲಾದ ಪ್ರತಿ ಒಂದೊಂದಕ್ಕೂ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 1.4ರಷ್ಟು ಜಾಸ್ತಿ. ಐದೂವರೆ ಅಡಿಗಿಂತ ತುಸು ಎತ್ತರದವರಿಗೆ ಇದು ಹತ್ತಿರ ಹತ್ತಿರ ನಾಲ್ಕು ಕೆಜಿ. ಎರಡೂ ಪ್ರತಿ ಇದ್ದರೆ ಅದರ ದುಪ್ಪಟ್ಟು. ಇದು ಸಣ್ಣ ಪರಿಣಾಮವಲ್ಲ. ಬೊಜ್ಜಿನ ಜೀನ್ ಎಂದು 2007ರಲ್ಲಿ ಹೆಸರು ಮಾಡಿದ ಎಫ್‌ಟಿಒ ಜೀನ್, ಯುರೋಪಿಯನ್ನರಲ್ಲಿ ಪ್ರತಿಯೊಂದಕ್ಕೆ ಬಿಎಂಐಯನ್ನು 0.4ರ ಸುತ್ತಮುತ್ತ ಏರಿಸುತ್ತದೆ, ಅಷ್ಟೇ. ಇಷ್ಟು ಸಾಮಾನ್ಯವಾಗಿರುವ ಒಂದು ಬದಲಾವಣೆ ತೂಕದ ಮೇಲೆ ಇಷ್ಟು ದೊಡ್ಡ ಪ್ರಭಾವ ಬೀರುವುದು ಬೇರೆಲ್ಲೂ ಕಂಡಿರಲಿಲ್ಲ. ನ್ಯೂಜಿಲೆಂಡಿನಲ್ಲಿರುವ ಮಾವೋರಿ ಮತ್ತು ಪೆಸಿಫಿಕ್ ಜನರನ್ನು ಪರೀಕ್ಷಿಸಿದಾಗಲೂ ಅದೇ ಫಲಿತಾಂಶ ಬಂತು. ಪತ್ರಿಕೆಗಳು "ಸಮೋವಾದ ಬೊಜ್ಜಿನ ಗುಟ್ಟು ಬಯಲು" ಎಂಬ ಧಾಟಿಯಲ್ಲಿ ಬರೆದವು. ಎಡವಟ್ಟು ಶುರುವಾಗಿದ್ದೇ ಅಲ್ಲಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ನೂರು ಪ್ರತಿಗಳಲ್ಲಿ 26 ಬದಲಾದವು ಅಂದರೆ, ಒಬ್ಬ ಸಮೋವನ್‌ಗೆ ಸರಾಸರಿ ಅರ್ಧ ಪ್ರತಿ ಬಂತು. ಅರ್ಧ ಪ್ರತಿಗೆ ಬಿಎಂಐ 0.7. ಅಂದರೆ ನಾಳೆ ಯಾರೋ ಮಂತ್ರ ಹಾಕಿ ಇಡೀ ಸಮೋವಾದಿಂದ ಈ ರೂಪವನ್ನು ಕಿತ್ತುಹಾಕಿದರೂ, ಅಲ್ಲಿನ ಸರಾಸರಿ ತೂಕ ಇಳಿಯುವುದು ಸುಮಾರು ಎರಡು ಕೆಜಿ. ಆ ಅಧ್ಯಯನದಲ್ಲಿದ್ದವರ ಸರಾಸರಿ ಬಿಎಂಐ ಬೊಜ್ಜಿನ ಗೆರೆಯಾದ 30 ದಾಟಿತ್ತು. 0.7 ಕಳೆದರೂ 30ರ ಮೇಲೆಯೇ ಉಳಿಯುತ್ತದೆ, ಅಲ್ವಾ? ಇದೇ ಮಾತನ್ನು ಸಂಶೋಧಕರು ಬೇರೆ ರೀತಿ ಹೇಳುತ್ತಾರೆ: ಸಮೋವನ್ನರ ನಡುವೆ ಬಿಎಂಐಯಲ್ಲಿ ಕಾಣುವ ಏರುಪೇರಿನಲ್ಲಿ ಈ ಜೀನಿನ ಪಾಲು ಸುಮಾರು 2 ಶೇಕಡಾ.

ಅಂದರೆ ಒಂದೇ ಊರಿನ, ಒಂದೇ ಊಟ ಮಾಡುವ ಇಬ್ಬರು ಸಮೋವನ್ನರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಏಕೆ ಭಾರ ಎಂಬುದಕ್ಕೆ ಈ ಜೀನ್ ಸ್ವಲ್ಪ ಉತ್ತರ ಕೊಡುತ್ತದೆ. ಇಡೀ ಸಮೋವಾ ಇವತ್ತು ಏಕೆ ಭಾರವಾಗಿದೆ ಎಂಬುದಕ್ಕೆ ಕೊಡುವುದಿಲ್ಲ. ನಿಮ್ಮ ಮಗಳ ಆಸ್ಪತ್ರೆಯಲ್ಲಿ ಓಡಾಡುವ ಮಾತು ಈ ಎರಡನ್ನೂ ಒಂದೇ ಅಂದುಕೊಂಡಿದೆ.

ಇಡೀ ಸಮೋವಾ ಏಕೆ ಭಾರ ಎಂಬ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ, ಅದೂ ತೀರಾ ಹತ್ತಿರದ ಇತಿಹಾಸದಲ್ಲಿ. 1978ರಿಂದ 2013ರವರೆಗಿನ ಸಮೀಕ್ಷೆಗಳನ್ನು ಜೋಡಿಸಿ ನೋಡಿದಾಗ, ಸಮೋವಾದ ಗಂಡಸರಲ್ಲಿ ಬೊಜ್ಜು ಸುಮಾರು 28 ಶೇಕಡಾದಿಂದ 53ಕ್ಕೆ ಏರಿತ್ತು. ಹೆಂಗಸರಲ್ಲಿ 44ರಿಂದ 77ಕ್ಕೆ. ಶುಗರ್ ಕಥೆ ಇನ್ನೂ ಜೋರು. ಒಂದೆರಡು ಶೇಕಡಾ ಇದ್ದದ್ದು ಇಪ್ಪತ್ತರ ಹತ್ತಿರ ಬಂತು. ಮೂವತ್ತೈದು ವರ್ಷದಲ್ಲಿ ಒಂದು ಜನಾಂಗದ ಜೀನ್ ಬದಲಾಗುವುದಿಲ್ಲ. ಅಜ್ಜಿಯಲ್ಲೂ ಅದೇ ಕ್ರೆಬ್‌ಆರ್‌ಎಫ್ ಇತ್ತು, ಮೊಮ್ಮಗಳಲ್ಲೂ ಅದೇ ಇದೆ. ಇನ್ನೊಂದು ಸಾಕ್ಷಿ ಪಕ್ಕದಲ್ಲೇ ಇದೆ. ಅಮೆರಿಕದ ಆಳ್ವಿಕೆಯ ಅಮೆರಿಕನ್ ಸಮೋವಾದಲ್ಲಿ ಇರುವವರೂ ಇದೇ ಜನ, ಇದೇ ರಕ್ತ. 1970ರ ದಶಕದಲ್ಲಿ ಪಾಲ್ ಬೇಕರ್ ಅವರ ತಂಡ ನೋಡಿದಾಗಲೇ ಅಲ್ಲಿಗೆ, ಹವಾಯಿಗೆ, ಕ್ಯಾಲಿಫೋರ್ನಿಯಾಕ್ಕೆ ಹೋದ ಸಮೋವನ್ನರು ಹಳ್ಳಿಯಲ್ಲಿ ಉಳಿದವರಿಗಿಂತ ಭಾರವಾಗಿದ್ದರು. ಡಬ್ಬದ ಊಟ, ಸಂಬಳದ ಕೆಲಸ ಎಲ್ಲಿಗೆ ಮೊದಲು ಬಂತೋ ಅಲ್ಲಿ ತೂಕ ಮೊದಲು ಏರಿತು.

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಏಕೆಂದರೆ "ಅವರು ತಿನ್ನೋದೇ ಹಾಗೆ" ಎಂಬ ಮಾತೂ "ಅವರ ಜೀನೇ ಹಾಗೆ" ಎಂಬ ಮಾತಿನಷ್ಟೇ ಸೋಮಾರಿ ಮಾತು. ಸಮೋವಾದ ಹಳೆಯ ಊಟ ಕೇಳಿದರೆ ನಮ್ಮ ಕರಾವಳಿಯವರಿಗೆ ಪರಿಚಿತ ಅನ್ನಿಸುತ್ತದೆ. ಕೆಸುವಿನ ಗಡ್ಡೆ, ಕೆಸುವಿನ ಎಲೆ, ಜೀಗುಜ್ಜೆ, ಬಾಳೆಕಾಯಿ, ತೆಂಗಿನ ಹಾಲು, ಮೀನು. 1993ರಲ್ಲಿ ಕೆಸುವಿನ ಎಲೆಗೆ ಅಂಗಮಾರಿ ರೋಗ ಬಂತು. ಕೆಲವೇ ತಿಂಗಳಲ್ಲಿ ದೇಶದ ಕೆಸು ಬೆಳೆ ನೆಲಕಚ್ಚಿತು. ರಫ್ತು ನಿಂತಿತು. ಮನೆಯ ಊಟಕ್ಕೂ ಗಡ್ಡೆ ಸಿಗದ ಹಾಗಾಯಿತು. ಆ ಜಾಗಕ್ಕೆ ಬಂದದ್ದು ಹಡಗಿನಲ್ಲಿ ಇಳಿಯುವ ಅಕ್ಕಿ, ಮೈದಾ. ರೋಗ ತಡೆಯುವ ತಳಿಗಳು ಆಮೇಲೆ ಬಂದವು. ಅಷ್ಟರಲ್ಲಿ ನಾಲಿಗೆಗೂ ಜೇಬಿಗೂ ಹೊಸದು ಒಗ್ಗಿತ್ತು.

ಮಾಂಸದ ಕಥೆ ಇನ್ನೂ ಬೇಸರದ್ದು. ನ್ಯೂಜಿಲೆಂಡ್, ಆಸ್ಟ್ರೇಲಿಯಾದವರು ತಾವು ಹೆಚ್ಚಾಗಿ ತಿನ್ನದ ಕುರಿಯ ಹೊಟ್ಟೆಯ ಕೊಬ್ಬಿನ ತುಂಡುಗಳನ್ನು ಈ ದ್ವೀಪಗಳಿಗೆ ಅಗ್ಗಕ್ಕೆ ಮಾರಿದರು. ಅಮೆರಿಕದಿಂದ ಟರ್ಕಿ ಕೋಳಿಯ ಬಾಲದ ತುಂಡು ಬಂತು. ಅದೂ ಬಹುಪಾಲು ಕೊಬ್ಬೇ. ಫಿಜಿ 2000ದಲ್ಲಿ ಕುರಿಯ ಆ ತುಂಡುಗಳನ್ನು ನಿಷೇಧಿಸಿತು. ಸಮೋವಾ 2007ರಲ್ಲಿ ಟರ್ಕಿ ಬಾಲವನ್ನು ನಿಷೇಧಿಸಿತು. ಆದರೆ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಬೇಕಾದರೆ ಆ ನಿಷೇಧ ತೆಗೆಯಬೇಕು ಎಂಬ ಷರತ್ತು ಬಂತು. 2012ರಲ್ಲಿ ಸಮೋವಾ ಸಂಸ್ಥೆಯ ಸದಸ್ಯ ದೇಶವಾಯಿತು, ನಿಷೇಧ ಹೋಯಿತು. ಒಂದು ಪುಟ್ಟ ದೇಶ ತನ್ನ ಜನರ ತಟ್ಟೆಯಿಂದ ಕೊಬ್ಬು ಇಳಿಸಲು ಹೊರಟರೆ ವ್ಯಾಪಾರದ ನಿಯಮ ಅಡ್ಡ ಬರುತ್ತದೆ. ಜೀನ್ ಮೇಲೆ ಗೂಬೆ ಕೂರಿಸುವವರು ಇದನ್ನು ಹೇಳುವುದು ಕಡಿಮೆ.

ಇನ್ನು ನನಗೆ ಅತಿ ಕುತೂಹಲ ಹುಟ್ಟಿಸುವ ಭಾಗ. ತೂಕ ಏರಿದರೆ ಶುಗರ್ ಸಂಭವವೂ ಏರಬೇಕು. ಕ್ರೆಬ್‌ಆರ್‌ಎಫ್‌ನ ಈ ರೂಪ ಇದ್ದವರಲ್ಲಿ ಉಲ್ಟಾ. ಒಂದೊಂದು ಪ್ರತಿಗೂ ಬೊಜ್ಜಿನ ಸಂಭವ 1.3 ಪಟ್ಟು ಜಾಸ್ತಿ, ಆದರೆ ಶುಗರ್ ಸಂಭವ 1.6 ಪಟ್ಟು ಕಡಿಮೆ. ಮೈ ದೊಡ್ಡದು, ಸಕ್ಕರೆ ಹತೋಟಿಯಲ್ಲಿ. 2016ರಲ್ಲಿ ಇದನ್ನು ಓದಿದ ಅನೇಕರಿಗೆ ನಂಬಲು ಕಷ್ಟವಾಯಿತು. ಆಮೇಲಿನ ಅಧ್ಯಯನಗಳೂ ಅದನ್ನೇ ಹೇಳಿದವು.

ಇದು ಹೇಗೆ ಸಾಧ್ಯ? ಎರಡು ಸುಳಿವುಗಳಿವೆ. ನ್ಯೂಜಿಲೆಂಡಿನಲ್ಲಿ ಮಾವೋರಿ ಮತ್ತು ಪೆಸಿಫಿಕ್ ಮೂಲದ ಗಂಡಸರಿಗೆ ಗ್ಲೂಕೋಸ್ ಕೊಟ್ಟು ನೋಡಿದಾಗ, ಈ ರೂಪ ಇದ್ದವರಲ್ಲಿ ಮೊದಲ ಹಂತದ ಇನ್ಸುಲಿನ್ ಹೆಚ್ಚು ಬಿಡುಗಡೆಯಾಯಿತು. ಇದು ಒಂದು. ಇನ್ನೊಂದು, ಏರುವ ತೂಕ ಬರೀ ಕೊಬ್ಬಲ್ಲ. ಸ್ನಾಯು ಬೆಳೆಯದಂತೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ ನಮ್ಮ ಮೈಯಲ್ಲಿದೆ. ಈ ರೂಪ ಇರುವ ಗಂಡಸರ ರಕ್ತದಲ್ಲಿ ಅದು ಕಡಿಮೆ. ಇದೇ ಬದಲಾವಣೆಯನ್ನು ಇಲಿಗಳಲ್ಲಿ ತಂದಾಗಲೂ ಸ್ನಾಯುವಿನ ಕಡೆಗೇ ಸುಳಿವು ಸಿಕ್ಕಿತು. ಈ ರೂಪ ಇರುವ ಸಮೋವನ್ನರು ಎತ್ತರದಲ್ಲೂ ಸ್ವಲ್ಪ ಮುಂದು. ಅಲ್ಲಿನ ಎಳೆ ಮಕ್ಕಳನ್ನು ಅಳೆದಾಗಲೂ ಹೆಚ್ಚಿದ್ದದ್ದು ಕೊಬ್ಬಲ್ಲ, ಸ್ನಾಯುವಿನ ಪಾಲು. ಮೊದಲ ಅಧ್ಯಯನದಲ್ಲಿ ಇಲಿಯ ಕೊಬ್ಬಿನ ಜೀವಕೋಶಗಳಲ್ಲಿ ಪ್ರಯೋಗ ಮಾಡಿದಾಗ ಈ ರೂಪ ಶಕ್ತಿಯ ಖರ್ಚು ಇಳಿಸಿ ಕೊಬ್ಬಿನ ಶೇಖರಣೆ ಏರಿಸಿತ್ತು. ಅದಕ್ಕೇ ಅದಕ್ಕೆ "ಮಿತವ್ಯಯದ ರೂಪ" ಎಂಬ ಹೆಸರು ಅಂಟಿತು. ಮನುಷ್ಯರನ್ನು ನೋಡುತ್ತಾ ಹೋದ ಹಾಗೆ ಚಿತ್ರ ಬದಲಾಗಿದೆ. ನನ್ನ ಅಭಿಪ್ರಾಯ ಕೇಳಿದರೆ, ಇದನ್ನು ಬೊಜ್ಜಿನ ಜೀನ್ ಎನ್ನುವುದಕ್ಕಿಂತ ದೊಡ್ಡ ಮೈಯ ಜೀನ್ ಎನ್ನುವುದು ವಾಸಿ.

ಇಲ್ಲಿ ಬಿಎಂಐ ಎಂಬ ಅಳತೆಯ ದೋಷವೂ ಬಯಲಾಗುತ್ತದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ಆ ತೂಕ ಸ್ನಾಯುವಿನದೋ ಕೊಬ್ಬಿನದೋ ಅದಕ್ಕೆ ಗೊತ್ತಾಗುವುದಿಲ್ಲ. ಬಾಯ್ಡ್ ಸ್ವಿನ್‌ಬರ್ನ್ ಮತ್ತು ಸಂಗಡಿಗರು 1990ರ ದಶಕದಲ್ಲೇ ತೋರಿಸಿದ ಪ್ರಕಾರ, ಒಂದೇ ಬಿಎಂಐ ಇರುವ ಪಾಲಿನೇಷ್ಯನ್ (ಸಮೋವಾ, ಟೋಂಗಾದವರು, ಮಾವೋರಿಗಳು ಸೇರಿದ ಜನ) ಮತ್ತು ಯುರೋಪಿಯನ್‌ರಲ್ಲಿ ಪಾಲಿನೇಷ್ಯನ್ನರ ಕೊಬ್ಬಿನ ಪಾಲು ಕಡಿಮೆ. ಆದ್ದರಿಂದ ಅವರಿಗೆ ಹೆಚ್ಚು ತೂಕದ ಗೆರೆಯನ್ನು 25ರ ಬದಲು 26ಕ್ಕೆ, ಬೊಜ್ಜಿನ ಗೆರೆಯನ್ನು 30ರ ಬದಲು 32ಕ್ಕೆ ಇಡಬೇಕು ಎಂಬ ಸಲಹೆ ಬಂತು. ನ್ಯೂಜಿಲೆಂಡ್ ಒಂದು ಕಾಲಕ್ಕೆ ಇದನ್ನು ಬಳಸಿತ್ತು. ಆಮೇಲೆ ಎಲ್ಲರಿಗೂ ಒಂದೇ ಗೆರೆ ಎಂದು ಬಿಟ್ಟಿತು.

ನಮ್ಮವರ ಕಥೆ ಇದರ ತದ್ವಿರುದ್ಧ. ಆಕ್ಲೆಂಡಿನಲ್ಲೇ ಎಲೈನ್ ರಶ್ ಅವರ ತಂಡ ಪೆಸಿಫಿಕ್, ಮಾವೋರಿ, ಯುರೋಪಿಯನ್ ಮತ್ತು ಭಾರತೀಯ ಮೂಲದವರನ್ನು ಪಕ್ಕಪಕ್ಕ ನಿಲ್ಲಿಸಿ ಅಳೆಯಿತು. ಒಂದೇ ಬಿಎಂಐಗೆ ಭಾರತೀಯರಲ್ಲಿ ಕೊಬ್ಬು ಅತಿ ಹೆಚ್ಚು, ಪೆಸಿಫಿಕ್ ಜನರಲ್ಲಿ ಕಡಿಮೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರ ಮೈಯಲ್ಲಿ 21.2. ಕಣ್ಣಿಗೆ ಇಬ್ಬರೂ ತೆಳ್ಳಗೆ. ನಿಮ್ಮ ಮಗಳ ವಾರ್ಡಿನಲ್ಲಿ ದಪ್ಪಗಿರುವ ಸಮೋವನ್ ಹೆಂಗಸನ್ನು ನೋಡಿ ತಲೆ ಅಲ್ಲಾಡಿಸುವ ತೆಳ್ಳಗಿನ ಭಾರತೀಯನಿಗೇ ಮೊದಲು ಶುಗರ್ ಬಂದಿದ್ದರೆ ಆಶ್ಚರ್ಯವಿಲ್ಲ. ಇದೇ ಕಾರಣಕ್ಕೆ ಭಾರತದಲ್ಲಿ ಹೆಚ್ಚು ತೂಕದ ಗೆರೆ 23ಕ್ಕೆ, ಬೊಜ್ಜಿನ ಗೆರೆ 25ಕ್ಕೆ ಇಳಿದಿದೆ.

ಈಗ ದೋಣಿಯ ಕಥೆ. ಇದರ ಮೂಲ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್. 1962ರಲ್ಲಿ ಅವರು ಒಂದು ಊಹೆ ಮುಂದಿಟ್ಟರು. ಬರಗಾಲ, ಸುಗ್ಗಿ ಒಂದಾದ ಮೇಲೊಂದು ಬರುತ್ತಿದ್ದ ಕಾಲದಲ್ಲಿ ಸಿಕ್ಕಾಗ ಕೊಬ್ಬು ಕೂಡಿಡುವ ಮೈ ಬದುಕಿತು, ಸದಾ ಸುಗ್ಗಿ ಇರುವ ಈ ಕಾಲದಲ್ಲಿ ಅದೇ ಮೈಗೆ ಶುಗರ್ ಬಂತು ಎಂದು. ಅದರಲ್ಲಿ ಪಾಲಿನೇಷ್ಯಾದ ದೋಣಿ ಇರಲಿಲ್ಲ. ಅದನ್ನು ಆಮೇಲೆ ಬೇರೆಯವರು ಸೇರಿಸಿದರು. ಕಥೆ ಚೆನ್ನಾಗಿದೆ, ಹಾಗಾಗಿ ನಿಂತುಬಿಟ್ಟಿತು.

ಆದರೆ ಅದರಲ್ಲಿ ತೂತುಗಳಿವೆ. ಪಾಲಿನೇಷ್ಯನ್ನರು ದಿಕ್ಕು ತಪ್ಪಿ ತೇಲಿ ಹೋದವರಲ್ಲ. ನಕ್ಷತ್ರ, ಅಲೆ, ಹಕ್ಕಿ ನೋಡಿ ದಾರಿ ಹಿಡಿಯುತ್ತಿದ್ದ ಪಳಗಿದ ನಾವಿಕರು. ಗಿಡ, ಕೋಳಿ, ಹಂದಿ, ತಿನ್ನಲು ಬೇಕಾದ್ದನ್ನೆಲ್ಲ ಹೇರಿಕೊಂಡು ಹೊರಡುತ್ತಿದ್ದರು. 1976ರಲ್ಲಿ ಹೊಕುಲೆಆ ಎಂಬ ಹಳೆ ಮಾದರಿಯ ದೋಣಿ ಯಂತ್ರ, ದಿಕ್ಸೂಚಿ ಇಲ್ಲದೆ ಹವಾಯಿಯಿಂದ ತಹಿತಿಗೆ ಹೋಯಿತು. ಅಷ್ಟು ದೂರಕ್ಕೂ ಹಿಡಿದದ್ದು ಸುಮಾರು ಒಂದು ತಿಂಗಳು. ಸುಮಾರು 2,800 ವರ್ಷಗಳ ಹಿಂದೆ ಸಮೋವಾಕ್ಕೆ ಬಂದವರು ದಾಟಿದ ಸಮುದ್ರ ಅದಕ್ಕಿಂತ ಎಷ್ಟೋ ಕಡಿಮೆ. ಹಸಿವಿನ ಪ್ರಯಾಣವೇ ಕಾರಣವಾಗಿದ್ದರೆ, ಅತಿ ದೂರ ಹೋದ ಮಾವೋರಿಗಳಲ್ಲಿ ಈ ರೂಪ ಅತಿ ಹೆಚ್ಚು ಇರಬೇಕಿತ್ತು. ಇರುವುದು ಸಮೋವಾದವರಲ್ಲಿ.

ಹಾಗಾದರೆ ಇಷ್ಟು ಸಾಮಾನ್ಯವಾದದ್ದು ಹೇಗೆ? ಒಂದು ಸರಳ ದಾರಿ ಇದೆ. ಒಂದು ದ್ವೀಪಕ್ಕೆ ಬಂದವರು ಕೆಲವೇ ದೋಣಿಗಳ ಜನ. ಅವರಲ್ಲಿ ಒಬ್ಬಿಬ್ಬರಲ್ಲಿ ಈ ರೂಪ ಇದ್ದು, ಅವರ ಮನೆಗಳು ಬೆಳೆದರೆ ಸಾಕು. ಚೀಲದಿಂದ ಒಂದು ಹಿಡಿ ಕಾಳು ತೆಗೆದು ಬಿತ್ತಿದರೆ, ಹೊಲದ ಬೆಳೆ ಆ ಹಿಡಿಯ ಹಾಗಿರುತ್ತದೆಯೇ ಹೊರತು ಚೀಲದ ಹಾಗಲ್ಲ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. 2016ರ ಅಧ್ಯಯನದಲ್ಲಿ ಈ ಜಾಗದ ಡಿಎನ್‌ಎಯಲ್ಲಿ ನೈಸರ್ಗಿಕ ಆಯ್ಕೆಯ ಗುರುತೂ ಸಿಕ್ಕಿತ್ತು. ಏನೋ ಒಂದು ಲಾಭ ಇದ್ದಿರಬೇಕು. ಹಸಿವನ್ನು ತಡೆಯುವುದೇ ಆ ಲಾಭ ಎನ್ನುವವರಿಗೆ ಒಂದು ಆಧಾರ ಇದೆ. ಹಣ್ಣಿನ ನೊಣದಲ್ಲಿ ಇದಕ್ಕೆ ಸಮನಾದ ಜೀನನ್ನು ತೆಗೆದರೆ ಅದು ಉಪವಾಸ ತಾಳುವುದಿಲ್ಲ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಫಿಲಿಪ್ ಹೌಟನ್ ಬೇರೆಯದೇ ವಾದ ಮಾಡಿದ್ದರು. ಉಷ್ಣವಲಯವಾದರೂ ನೀರಲ್ಲಿ ನೆನೆದು ಗಾಳಿಗೆ ಮೈಯೊಡ್ಡಿದ ದೋಣಿಯಲ್ಲಿ ಚಳಿ ಕೊಲ್ಲುತ್ತದೆ, ಅಲ್ಲಿ ದೊಡ್ಡ ಸ್ನಾಯುವಿನ ಮೈ ಉಳಿಯುತ್ತದೆ ಎಂದು. ಸ್ನಾಯುವಿನ ಬಗ್ಗೆ ಈಗ ಬರುತ್ತಿರುವ ಸುಳಿವುಗಳನ್ನು ನೋಡಿದರೆ ಆ ಹಳೆಯ ವಾದ ನನಗೆ ಮತ್ತೆ ಓದಿಸಿಕೊಳ್ಳುತ್ತದೆ. ಟೋನಿ ಮೆರಿಮನ್, ಎಲಿಜಬೆತ್ ಮತಿಸೂ-ಸ್ಮಿತ್ ಮತ್ತು ಸಂಗಡಿಗರು 2015ರಲ್ಲೇ ಎಚ್ಚರಿಸಿದ್ದರು: ಪೆಸಿಫಿಕ್ ಜನರ ಬಗ್ಗೆ ಇಂಥ ಸಿದ್ಧ ಕಥೆಗಳನ್ನು ಪುರಾವೆಗಿಂತ ಮುಂಚೆ ನಂಬಬೇಡಿ ಎಂದು.

ಟೆಸ್ಟ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ನಿಮ್ಮ ಮನೆಯವರಿಗೆ ಕ್ರೆಬ್‌ಆರ್‌ಎಫ್ ಟೆಸ್ಟಿನಿಂದ ಏನೂ ಸಿಗುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ. ಸಮೋವನ್ ರೋಗಿಗೂ ಇವತ್ತಿನ ಮಟ್ಟಿಗೆ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಈ ರೂಪ ಇದೆ ಎಂದರೆ ಶುಗರ್ ಬರುವುದೇ ಇಲ್ಲ ಎಂದಲ್ಲ, ಸಂಭವ ಕಡಿಮೆ, ಅಷ್ಟೇ. ಸಮೋವಾದಲ್ಲಿ ಐವರಲ್ಲಿ ಒಬ್ಬರಿಗೆ ಶುಗರ್ ಇರುವಾಗ ಅದನ್ನು ನಂಬಿ ಕೂರುವ ಹಾಗಿಲ್ಲ. "ಇವರು ಹುಟ್ಟಿದ್ದೇ ಹೀಗೆ" ಎಂದು ರಕ್ತ ಪರೀಕ್ಷೆ ಮುಂದೂಡುವುದೂ ತಪ್ಪು, ಮೈ ನೋಡಿದ ತಕ್ಷಣ ಕಾಯಿಲೆಯವರು ಎಂದು ತೀರ್ಮಾನಿಸುವುದೂ ತಪ್ಪು. ನಿಮ್ಮ ಮಗಳು ನೋಡಬೇಕಾದ್ದು ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ), ಬಿಪಿ, ಸೊಂಟದ ಅಳತೆ. ಇದೆಲ್ಲ ಅವಳಿಗೆ ಗೊತ್ತೇ ಇರುತ್ತದೆ.

ಅವಳಿಗೆ ಇನ್ನೊಂದು ವಿಷಯವೂ ಗೊತ್ತಿರಬಹುದು. ನ್ಯೂಜಿಲೆಂಡಿನ 2018ರ ಮಾರ್ಗಸೂಚಿಯಲ್ಲಿ ಹೃದಯದ ಅಪಾಯದ ತಪಾಸಣೆಯನ್ನು ಉಳಿದವರಿಗಿಂತ ಹದಿನೈದು ವರ್ಷ ಮೊದಲೇ ಶುರು ಮಾಡಬೇಕಾದವರ ಪಟ್ಟಿ ಇದೆ. ಗಂಡಸರಿಗೆ 30, ಹೆಂಗಸರಿಗೆ 40. ಆ ಪಟ್ಟಿಯಲ್ಲಿ ಮಾವೋರಿಗಳು ಇದ್ದಾರೆ, ಪೆಸಿಫಿಕ್ ಜನರು ಇದ್ದಾರೆ, ಮೂರನೆಯವರಾಗಿ ದಕ್ಷಿಣ ಏಷ್ಯಾದವರು, ಅಂದರೆ ನಾವೂ ಇದ್ದೇವೆ. ನೀವು ಮುಂದಿನ ಸಲ ಅಲ್ಲಿಗೆ ಹೋದಾಗ ಅವಳ ಕೈಯಲ್ಲೇ ಸೊಂಟ ಅಳತೆ ಮಾಡಿಸಿಕೊಳ್ಳಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದು ದಾಟಿದ್ದರೆ ತೂಕ ಎಷ್ಟೇ ಇರಲಿ, ಸಕ್ಕರೆಗೆ ರಕ್ತ ಪರೀಕ್ಷೆ ಮಾಡಿಸಿ.